ಅಕ್ಕನ ಜಪಮಣಿಯೊಳಗಿನ ಮೂರು ನುಸಿ

ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಚೌಕದೊಳಗೂ ಏನಾದರೊಂದು ಬರೆದಿರುತ್ತೇನೆ. ನಳ ಬಂದ ಹೊತ್ತು, ಸಿಲಿಂಡರು ಹಚ್ಚಿದ ದಿನ, ಹಿಟ್ಟು ಬೀಸಿಸಿಕೊಂಡು ಬಂದ ದಿನ. ಹಿಟ್ಟಿನ ದಿನ ಮಾತ್ರ ತಪ್ಪದೆ ಬರೆಯಬೇಕು. ನಮ್ಮ ಜೈನರ ಮನೆಗಳಲ್ಲಿ ಬೇಸಿಗೆಯ ಹಿಟ್ಟಿಗೆ ಐದೇ ದಿನದ ಆಯುಷ್ಯ, ಮಳೆಗಾಲದಲ್ಲಿ ಮೂರು. ಅದರಾಚೆ ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಹುಟ್ಟುತ್ತವೆ. ಈ ಬರೆಯುವ ರೂಢಿ ಹಾಕಿದವಳು ಅಕ್ಕ. ಅವಳು ಹೋದ ಮೇಲೂ ನಾನು ಬಿಡಲಿಲ್ಲ. ಮೊನ್ನೆ ಹಳೆಯ ಹಾಳೆ ತಿರುವಿದಾಗ ಮಾಘ ಮಾಸದ ಒಂದು ಚೌಕದಲ್ಲಿ ‘ಮಾಲೆ ಹರಿಯಿತು, ೧೦೮ ಸಿಕ್ಕವು’ ಎಂದು ನನ್ನದೇ ಅಕ್ಷರ ಕಂಡಿತು.

ಅಕ್ಕ ಹೋದ ಮೇಲೆ ಎಂದೆನಲ್ಲ, ತೀರಿಹೋದಳು ಎಂದಲ್ಲ. ಎರಡು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡು ಮಾತಾಜಿಯಾದಳು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಒಂದು ಕಮಂಡಲು. ಸಂಘದ ಜೊತೆ ಬರಿಗಾಲಲ್ಲಿ ಊರಿಂದೂರಿಗೆ ನಡೆಯುತ್ತಾಳೆ. ದಿನಕ್ಕೊಂದೇ ಊಟ, ಅದೂ ಬೊಗಸೆಯಲ್ಲಿ. ಅವಳ ಕೂದಲನ್ನು ಕೈಯಿಂದ ಕಿತ್ತ ದಿನ ನಾನು ಮಂಟಪದ ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಅಂದಿನಿಂದ ಅವಳಿಗೆ ಮನೆಯಿಲ್ಲ, ತಂಗಿಯೂ ಇಲ್ಲ. ಕಂಡಾಗ ಎಲ್ಲರಂತೆ ನಾನೂ ‘ವಂದಾಮಿ ಮಾತಾಜಿ’ ಎನ್ನಬೇಕು. ಎಲ್ಲರಿಗೆ ಎತ್ತುವಂತೆ ನನಗೂ ಅವಳು ಪಿಂಛಿ ಎತ್ತುತ್ತಾಳೆ. ಅವಳ ತಪ್ಪೇನಿಲ್ಲ, ಆ ದಾರಿಯೇ ಹಾಗಿದೆ. ಬರೆಯುವಾಗಲಾದರೂ ‘ಅವರು’ ಎನ್ನಬೇಕಿತ್ತು. ಕೈ ಕೇಳುವುದಿಲ್ಲ.

ಅದಕ್ಕೂ ಮುಂಚೆ ಮೂವತ್ತು ವರ್ಷ ಚಿಕ್ಕೋಡಿಯ ಈ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದೆವು. ಅಕ್ಕನನ್ನು ಅಥಣಿಗೆ ಕೊಟ್ಟಿತ್ತು. ಎರಡು ವರ್ಷಕ್ಕೆ ಗಂಡ ತೀರಿಕೊಂಡ, ತಿರುಗಿ ಬಂದಳು. ನನ್ನ ಮದುವೆ ಆಗಲಿಲ್ಲ, ಅದಕ್ಕೆ ಹೇಳುವಂಥ ಕಾರಣವೂ ಇಲ್ಲ. ನಾನು ಇಲ್ಲಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್. ಬಾಟಲಿಗಳ ಧೂಳು ಒರೆಸುವುದು, ಸೂಕ್ಷ್ಮದರ್ಶಕ ತೆಗೆದಿಡುವುದು, ಹುಳಗಳನ್ನು ಚುಚ್ಚಿಟ್ಟ ಪೆಟ್ಟಿಗೆಗಳಿಗೆ ಡಾಂಬರ ಗುಳಿಗೆ ಹಾಕುವುದು ನನ್ನ ಕೆಲಸ. ಅಕ್ಕನಿಗೆ ಅದು ಸೇರುತ್ತಿರಲಿಲ್ಲ. ಸಂಜೆ ಹೊಸ್ತಿಲು ದಾಟುವ ಮೊದಲೇ ಕೇಳುತ್ತಿದ್ದಳು.

‘ಮೊದ್ಲ ಕೈ ತೊಳಿ. ಇವತ್ತ ಎಷ್ಟು ಮಂದಿನ ಕೊಂದು ಬಂದಿ?’

‘ನಾ ಎಲ್ಲೆ ಕೊಂದೆ ಬೇ? ಅವು ನಾ ಹುಟ್ಟೂಕಿಂತ ಮೊದ್ಲ ಸತ್ತಾವ.’

‘ಹಂಗಾರ ಹೆಣಾ ಕಾಯೂ ನೌಕರಿ ಅನ್ನು.’

ದಿನಾ ಇದೇ ಮಾತು. ಈಗಲೂ ಬಂದ ಕೂಡಲೇ ಕೈ ತೊಳೆಯುತ್ತೇನೆ. ನೀರಿನ ಸಪ್ಪಳ ನಿಂತ ಮೇಲೆ ಬೇರೆ ಸಪ್ಪಳ ಇರುವುದಿಲ್ಲ.

ಅಕ್ಕನ ಶಿಸ್ತೆಂದರೆ ನೀರಿನದು. ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುವುದು ಎಲ್ಲ ಜೈನರ ಮನೆಯಲ್ಲೂ ಇದೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳದ್ದು ಮುಂದಿನ ಕೆಲಸ. ಬಟ್ಟೆ ತಿರುವಿ, ಮೇಲೆ ಸೋಸಿದ ನೀರು ಬಿಟ್ಟು, ಅವನ್ನು ಒಂದು ಸಣ್ಣ ಕೊಡಕ್ಕೆ ಇಳಿಸಿ, ಯಾವ ಬಾವಿಯ ನೀರೋ ಅದೇ ಬಾವಿಗೆ ಮುಟ್ಟಿಸಬೇಕು. ಮೇಲಿನಿಂದ ಸುರಿಯುವಂತಿಲ್ಲ. ಕೊಡ ನೀರಿಗೆ ತಾಗಿದ ಮೇಲೆ ಹಗುರ ಬಗ್ಗಿಸಬೇಕು. ಇದಕ್ಕೆ ಜೀವಾನಿ ಎನ್ನುತ್ತೇವೆ. ನಳ ಬಂದ ಮೇಲೆ ಬಹಳ ಜನ ಬಿಟ್ಟರು. ಅಕ್ಕ ಮಾತ್ರ, ‘ನಳದಾಗಿನ ಜೀವ ಎಲ್ಲೆ ಬಿಡೂದು, ಪುರಸಭೆದವರಿಗೆ ಪಾರ್ಸಲ್ ಮಾಡಲೇನ?’ ಎಂದು ಕೊನೆಯವರೆಗೂ ಕುಡಿಯುವ ನೀರನ್ನು ಓಣಿಯ ಹಳೇ ಬಾವಿಯಿಂದಲೇ ತಂದಳು.

ಮಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಪ್ಪ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಮುಂಬೈಗೆ ಹೋದಾಗ ಒಮ್ಮೆ ಜೇನಿನ ಬಣ್ಣದ ಮಣಿಗಳ ಒಂದು ಜಪಮಾಲೆ ತಂದಿದ್ದ. ಕೊಟ್ಟವನ ಹಿರಿಯರು ಬರ್ಮಾದಿಂದ ಬಂದವರಂತೆ, ಮಣಿಯೂ ಅಲ್ಲಿಯದಂತೆ. ಅವ್ವ ಅದನ್ನು ಕಹರುಬಾ ಮಾಲಿ ಎನ್ನುತ್ತಿದ್ದಳು. ಉಣ್ಣೆಯ ಶಾಲಿಗೆ ತಿಕ್ಕಿ ಹಿಡಿದರೆ ಹೊಟ್ಟಿನ ಚೂರು ಜಿಗಿದು ಬಂದು ಹತ್ತುತ್ತಿದ್ದವು. ಅಕ್ಕ ವಿಧವೆಯಾಗಿ ಬಂದ ವರ್ಷ ಅದು ಅವಳ ಕೈಗೆ ಬಂತು. ಮುಂಜಾನೆ ಸಂಜೆ, ಮೂವತ್ತು ವರ್ಷ ಅವಳ ಬೆರಳು ಅದರ ಮೇಲೆ ಆಡಿವೆ. ದೀಕ್ಷೆಯ ದಿನ ಸಂಘದವರು ನೂಲಿನ ಮಾಲೆ ಕೊಟ್ಟರು. ಇದು ಮನೆಯ ಮೊಳೆಗೆ ಉಳಿಯಿತು.

ವಾರಕ್ಕೊಮ್ಮೆ ಅದನ್ನು ಒರೆಸಿಡುತ್ತಿದ್ದೆ. ಮಾಘದ ಆ ದಿನ ದಾರ ಹರಿದು ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಜೋಳದ ಡಬ್ಬಿಯ ಕೆಳಗೆ, ಒರಳಿನ ಮಗ್ಗುಲಿಗೆ, ಎಲ್ಲ ಹುಡುಕಿ ತಾಟಿನಲ್ಲಿಟ್ಟು ಎಣಿಸಿದರೆ ನೂರಾ ಏಳು. ಕೊನೆಯದು ಹೊಸ್ತಿಲ ಸಂದಿಯಲ್ಲಿ ಬಿಸಿಲು ಬೀಳುವ ಕಡೆ ಕುಳಿತಿತ್ತು. ಎತ್ತಿಕೊಂಡೆ, ಒಳಗೊಂದು ಕರೀ ಚುಕ್ಕೆ. ಹೊಲಸೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದಾಗ ಆ ಚುಕ್ಕೆಗೆ ಕಾಲುಗಳಿದ್ದವು.

ಮರುದಿನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾಲೇಜಿಗೆ ಒಯ್ದೆ. ನಮ್ಮ ವಿಭಾಗದಲ್ಲಿ ಒಬ್ಬ ಮೇಡಂ ಇದ್ದಾಳೆ. ಕಾಗವಾಡದ ದ್ರಾಕ್ಷಿ ತೋಟದವರ ಸೊಸೆ, ಸಾಂಗಲಿ ಕಡೆಯ ಮಗಳು. ಮಾತಿನಲ್ಲಿ ಅರ್ಧ ಮರಾಠಿ ಇರುತ್ತದೆ, ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಪಾಠ ಮುಗಿದ ಮೇಲೆ ಮಣಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಳನ್ನು ಕರೆದೆ. ಕಣ್ಣಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

‘ಅರೇ ದೇವಾ! ಖರೇ ಹೇಳ್ರಿ ಮಾವಶಿ, ಯಾವ ಮ್ಯೂಸಿಯಂ ಒಡದು ಬಂದ್ರಿ?’

‘ನಮ್ಮ ಅಕ್ಕನ ಜಪಮಾಲಿದು ರಿ.’

‘ಜಪಮಾಲಿ!’ ಎಂದು ಇನ್ನೊಮ್ಮೆ ಬಗ್ಗಿದಳು. ‘ಇದು ಕಲ್ಲಲ್ಲ ಮಾವಶಿ. ಗಿಡದ ಅಂಟು. ಅಂಬರ್ ಅಂತಾರ. ಗಿಡದಿಂದ ಇಳಿಯೂ ಮುಂದ ಹುಳಾ ಸಿಕ್ಕೊಂಡೈತಿ, ಮ್ಯಾಲೆ ಮತ್ತ ಅಂಟು ಹರದೈತಿ. ಆಮ್ಯಾಲೆ ನೆಲದಾಗ ಹೋಗಿ ಗಟ್ಟಿ ಆಗೇತಿ.’

ಗಾಜೋ ಅಂಬರೋ ತಿಳಿಯಲು ಒಂದು ಲೋಟದಲ್ಲಿ ಉಪ್ಪು ಕರಗಿಸಲು ಹೇಳಿದಳು. ಉಪ್ಪಿನಕಾಯಿಗೆ ಹಾಕುವಷ್ಟು ಗಾಢವಾಗಿ ಕರಗಿಸಿದೆ. ಗಾಜಿನ ಮಣಿ ಬಿಟ್ಟರೆ ತಳ ಸೇರಿತು. ನಮ್ಮ ಮಣಿ ಒಮ್ಮೆ ಮುಳುಗಿ, ನಿಧಾನ ಮೇಲೆ ಬಂದು ನಿಂತಿತು. ಮೇಡಂ ಚಪ್ಪಾಳೆ ಹೊಡೆದಳು. ಬರ್ಮಾದ್ದೇ ಆದರೆ ಹತ್ತು ಕೋಟಿ ವರ್ಷದ ಹತ್ತಿರ ಹೋಗಬಹುದು, ಆದರೆ ನಿಮ್ಮ ಅಪ್ಪನ ಮಾತೊಂದೇ ಅದಕ್ಕೆ ಸಾಕ್ಷಿ ಎಂದಳು.

ಹುಳ ಒಂದು ದುಂಬಿ, ಎಳ್ಳುಕಾಳಿಗಿಂತ ಸಣ್ಣದು. ಒಂದು ರೆಕ್ಕೆ ಅರ್ಧ ತೆರೆದಿತ್ತು. ಅದರ ಹೊಟ್ಟೆಯ ಹತ್ತಿರ ಮೂರು ದುಂಡನೆಯ ಕಣಗಳು.

‘ಆ ಮೂರು ಅದಾವಲ್ಲ, ಅವು ನುಸಿ. ಎಂಟು ಕಾಲಿನವು. ನಮ್ಮ ದ್ರಾಕ್ಷಿಗೆ ಬೀಳ್ತಾವಲ್ಲ, ಅವರ ದೂರದ ಬಳಗ. ನಮ್ಮ ಮಾವಗ ತೋರಿಸಬ್ಯಾಡ್ರಿ ಮತ್ತ, ಜಪಮಾಲಿಗೂ ಔಷಧ ಹೊಡದ ಬಿಡ್ತಾರ.’

‘ದುಂಬಿ ರಕ್ತ ಹೀರಾಕತ್ತಿದ್ದುವೇನ್ರಿ?’

‘ಅದ ನೋಡ್ರಿ ಪ್ರಶ್ನಾ’ ಎಂದು ಮೇಡಂ ಸ್ಟೂಲು ಎಳೆದು ಕುಳಿತಳು. ನುಸಿಗಳಲ್ಲಿ ಹುಳದ ಮೈಗೆ ಬಾಯಿ ಹಾಕಿ ಹೀರುವವು ಇವೆ, ಬರೀ ಸವಾರಿ ಮಾಡುವವೂ ಇವೆ. ಸವಾರಿಯವಕ್ಕೆ ರೆಕ್ಕೆಯಿಲ್ಲ, ದೂರ ನಡೆಯಲು ಕಾಲಿಲ್ಲ. ಇದ್ದ ಜಾಗ ಒಣಗಿದಾಗ ಒಂದು ದುಂಬಿಯನ್ನೋ ಇರುವೆಯನ್ನೋ ಹತ್ತಿ ಕೂರುತ್ತವೆ, ಹೊಸ ಜಾಗ ಸಿಕ್ಕಾಗ ತಾವೇ ಇಳಿಯುತ್ತವೆ. ಕೆಲವಕ್ಕೆ ಪ್ರಯಾಣದ ಆ ಹಂತದಲ್ಲಿ ತಿನ್ನಲು ಬಾಯಿಯೇ ಇರುವುದಿಲ್ಲವಂತೆ, ಹಿಂಬದಿಗೆ ಅಂಟಿ ಹಿಡಿಯುವ ಸಣ್ಣ ಬಟ್ಟಲುಗಳು ಮಾತ್ರ. ಬೇರೆ ಬೇರೆ ದೇಶಗಳ ಅಂಬರಿನಲ್ಲೂ ಹೀಗೆ ಹುಳದ ಮೈ ಹಿಡಿದ ನುಸಿ ಸಿಕ್ಕಿವೆಯಂತೆ. ಮನುಷ್ಯ ಇರದ ಕಾಲದಿಂದ ನಡೆದ ವ್ಯವಹಾರ.

‘ಆದ್ರ ಬಾಜೂಕ ಬಿದ್ದಾವ ಅಂದಕೂಡ್ಲೆ ಸಂಬಂಧ ಐತಿ ಅನ್ನಾಕ ಬರಂಗಿಲ್ಲ ಮಾವಶಿ. ಅಂಟು ಹರಿಯೂ ಮುಂದ ಯಾರ್ಯಾರನರ ಎಳಕೊಂಡ ಬರತೈತಿ. ಹಿಡಕೊಂಡಾವ ಅನ್ನೂದು ಕಣ್ಣಿಗೆ ಕಾಣಬೇಕು. ಈ ಮಣಿ ದುಂಡಗೈತಿ, ಮಸಕ ಕಾಣತೈತಿ. ಒಂದು ಬದಿ ಸಪಾಟ ತಿಕ್ಕಿದ್ರ ತಿಳೀತೈತಿ.’

‘ತಿಕ್ಕೂ ಮುಂದ ಒಡದ್ರ?’

‘ಒಡದ್ರೂ ಒಡೀಬಹುದು. ನಿಮ್ಮ ವಸ್ತು. ವಿಚಾರ ಮಾಡಿ ಹೇಳ್ರಿ.’

ಅವಳ ಮಾತು ಕೇಳುತ್ತಿದ್ದಂತೆ ನನ್ನ ತಲೆಯಲ್ಲಿ ಬೇರೆಯೇ ಹುಳ ಓಡಾಡತೊಡಗಿತ್ತು. ನಿಪ್ಪಾಣಿಯ ಹೊರಗೆ ನಮ್ಮದೊಂದು ಹೊಲದ ಮನೆಯಿತ್ತು. ನನಗೆ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಒಂದು ಮಳೆಗಾಲದಲ್ಲಿ ದನದ ಅಂಗಳಕ್ಕೆ ಹಾರಿ ಬಂದ ಸಗಣಿ ಹುಳವೊಂದು ಅಂಗಾತ ಬಿತ್ತು. ಹೊಟ್ಟೆಯ ತುಂಬ ಕಂದು ಬಣ್ಣದ ನುಸಿ ಹತ್ತಿ ಹರಿದಾಡುತ್ತಿದ್ದವು. ‘ಪಾಪ, ಜೀವಂತ ತಿನ್ನಾಕತ್ತಾವ’ ಎಂದಳು ಅಕ್ಕ. ನಾನು ಹುಳವನ್ನು ಎಲೆಯ ಮೇಲೆ ಹಿಡಿದೆ. ಅವಳು ನೀರು ಸೋಸುವ ಬಟ್ಟೆಯ ಮೂಲೆ ಒದ್ದೆ ಮಾಡಿ ಒಂದೊಂದನ್ನೇ ಬಿಡಿಸಿದಳು. ಒಂದೂ ಸಾಯದ ಹಾಗೆ, ಕಾಲು ಮುರಿಯದ ಹಾಗೆ. ಬಿಡಿಸಿದ್ದನ್ನೆಲ್ಲ ಮಲ್ಲಿಗೆ ಬಳ್ಳಿಯ ಬುಡದ ನೆರಳಿಗೆ ಇಳಿಸಿದೆವು. ಹುಳ ಹಾರಿಹೋಯಿತು. ಅವ್ವ ಇಬ್ಬರ ಕೈಗೂ ಶೇಂಗಾ ಬೆಲ್ಲ ಕೊಟ್ಟಳು. ಆ ಮಳೆಗಾಲ ಪೂರ್ತಿ ಸಿಕ್ಕ ಸಿಕ್ಕ ಸಗಣಿ ಹುಳಗಳಿಗೆಲ್ಲ ಅದೇ ಉಪಚಾರ.

ಸ್ಟೂಲಿನಿಂದ ಏಳುತ್ತಿದ್ದ ಮೇಡಂಗೆ ಕೇಳಿದೆ, ‘ಸಗಣಿ ಹುಳದ ಮ್ಯಾಲ ಇರ್ತಾವಲ್ರಿ, ಅವು ಹೀರೂವೋ ಸವಾರಿಯವೋ?’

‘ಸವಾರಿಯವ. ಹುಳಕ್ಕ ಏನೂ ಮಾಡೂದಿಲ್ಲ. ಹೊಸಾ ಸಗಣಿ ಸಿಕ್ಕಕೂಡ್ಲೆ ಇಳದು ನೊಣದ ತತ್ತಿ ತಿಂತಾವ.’

‘ನಡುವ ಯಾರರ ಇಳಿಸಿ ಬಿಟ್ರ?’

‘ಎಲ್ಲಿ ಹೋಗ್ತಾವ ಪಾಪ? ಒಣಗಿ ಸಾಯ್ತಾವ’ ಎಂದು ಚೀಲ ಹೆಗಲಿಗೇರಿಸಿ ಕಾಗವಾಡದ ಬಸ್ಸಿಗೆ ಓಡಿದಳು.

ಆ ಸಂಜೆ ಮನೆಗೆ ಬಂದು ಕೈ ತೊಳೆಯುವುದನ್ನು ಮರೆತೆ. ಎಷ್ಟು ಮಂದಿನ ಕೊಂದು ಬಂದಿ ಎಂದು ಕೇಳುವವರೂ ಇರಲಿಲ್ಲ. ಯಾವ ಬಾವಿಯ ಜೀವ ಆ ಬಾವಿಗೆ ಎಂದು ದಿನಾ ಕೊಡ ಇಳಿಸುತ್ತಿದ್ದ ಮನೆಯ ಮಕ್ಕಳು ನಾವು. ಆ ನುಸಿಗಳಿಗೆ ಬಾವಿಯೆಂದರೆ ಆ ಹುಳವೇ ಎಂದು ಹೊಳೆಯಲಿಲ್ಲ.

ಬಹಳ ದಿನ ಒಂದೇ ಯೋಚನೆಯಲ್ಲಿ ಇದ್ದೆ. ಅಕ್ಕನಿಗೆ ಇದನ್ನು ಹೇಳಬೇಕೋ ಬಿಡಬೇಕೋ. ತಿಳಿಯದೆ ಇರುವೆ ತುಳಿದರೂ ಮರುದಿನ ಉಪವಾಸ ಹಿಡಿದವಳು ಅವಳು. ಸತ್ತ ಜೀವವಿರುವ ಮಣಿಯ ಮೇಲೆ ಮೂವತ್ತು ವರ್ಷ ಜಪ ಮಾಡಿದೆ ಎಂದು ಗೊತ್ತಾದರೆ ಏನು ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತಾಳೋ. ಹೇಳದೆ ಇದ್ದರೆ ಅವಳೆದುರು ಕುಳಿತು ಹೇಳಲು ನನ್ನ ಹತ್ತಿರ ಬೇರೆ ಮಾತೇ ಇಲ್ಲ. ಮನೆಯ ಸುದ್ದಿ ಅವರಿಗೆ ಹೇಳಬಾರದು.

ಚೈತ್ರದಲ್ಲಿ ಸಂಘ ರಾಯಬಾಗ ದಾಟಿ ಅಲಖನೂರ ಕಡೆಯ ಒಂದು ಊರಿನಲ್ಲಿ ಐದು ದಿನ ಇರುತ್ತದೆ ಎಂದು ಬಸದಿಯಲ್ಲಿ ಸುದ್ದಿ ಬಂತು. ರಜೆ ಹಾಕಿದೆ. ಗೋಧಿಯನ್ನು ಕಾಳು ಕಾಳು ಆರಿಸಿ, ತೊಳೆದು ಒಣಗಿಸಿ, ಮನೆಯ ಬೀಸುಕಲ್ಲಿನಲ್ಲಿ ಬೀಸಿಕೊಂಡೆ. ಮಾತಾಜಿಯವರ ಬೊಗಸೆಯಲ್ಲಿ ಒಂದು ಕೂದಲೋ ಹುಳವೋ ಕಂಡರೆ ಅವರ ಊಟ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಮರುದಿನದವರೆಗೆ ನೀರೂ ಇಲ್ಲ. ಆದ್ದರಿಂದ ಹಿಟ್ಟನ್ನು ಮೂರು ಸಲ ಸಾಣಿಸಿದೆ. ಮೇಡಂ ಒಂದು ಭೂತಗನ್ನಡಿ ಕೊಟ್ಟಿದ್ದಳು. ನಾಚಿಕೆ ಯಾಕೆ, ಅದರಿಂದಲೂ ಹಿಟ್ಟು ನೋಡಿದೆ.

ನನಗೆ ಬೇಕಾದ್ದು ಇಷ್ಟೇ. ಮುಂಜಾನೆ ಮಾತಾಜಿಯವರು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲಿ ಒಂದು ನಿಯಮ ಹಿಡಿದಿರುತ್ತಾರೆ, ಯಾರಿಗೂ ಹೇಳುವುದಿಲ್ಲ. ನಾವು ಬಾಗಿಲ ಮುಂದೆ ಕಲಶ ಹಿಡಿದು ನಿಲ್ಲುತ್ತೇವೆ. ಅವರ ನಿಯಮಕ್ಕೆ ಯಾರ ಬಾಗಿಲು ಕೂಡುತ್ತದೋ ಅಲ್ಲಿ ನಿಲ್ಲುತ್ತಾರೆ. ಎರಡು ವರ್ಷದಲ್ಲಿ ಮೂರು ಊರುಗಳಲ್ಲಿ ಕಲಶ ಹಿಡಿದು ನಿಂತಿದ್ದೆ. ಮೂರು ಸಲವೂ ಅಕ್ಕ ಮುಂದೆ ಹೋಗಿದ್ದಳು. ಒಮ್ಮೆ ಅವಳ ಬೊಗಸೆಗೆ ನನ್ನ ಕೈಯ ತುತ್ತು ಬೀಳಬೇಕಿತ್ತು. ಮಣಿಯ ಮಾತು ತೆಗೆದರೆ ಅವಳು ಉಪವಾಸ ಹಿಡಿಯಬಹುದು, ಹಿಡಿದರೆ ಈ ಸಲದ ತುತ್ತೂ ಹೋಯಿತು. ಬಸ್ಸಿನಲ್ಲಿ ರಾಯಬಾಗದವರೆಗೆ ಹೇಳಬಾರದು ಎಂದುಕೊಂಡಿದ್ದೆ. ಆಮೇಲೆ ಆಹಾರ ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಸೆರಗಿನ ಗಂಟನ್ನು ಎಷ್ಟು ಸಲ ಮುಟ್ಟಿದೆನೋ, ಪಕ್ಕದ ಸೀಟಿನವಳು ‘ಬಂಗಾರ ಐತೇನ್ರಿ?’ ಎಂದು ಕೇಳಿಯೇ ಬಿಟ್ಟಳು.

ಮುಟ್ಟಿದಾಗ ಮಧ್ಯಾಹ್ನ. ಬಸದಿಯ ಪಕ್ಕದ ಮನೆಯೊಂದರಲ್ಲಿ ಹೊರಗಿನಿಂದ ಬಂದವರಿಗೆ ಅಡುಗೆಗೆ ಜಾಗ ಕೊಟ್ಟಿದ್ದರು. ಹಿಟ್ಟಿನ ಚೀಲ ಅಲ್ಲಿಟ್ಟು, ಕಾಲು ತೊಳೆದು ಬಸದಿಯ ಪಡಸಾಲೆಗೆ ಹೋದೆ. ಅಕ್ಕ ಮಣೆಯ ಮೇಲೆ ಕುಳಿತು ಓದುತ್ತಿದ್ದಳು. ಸೊರಗಿದ್ದಳು, ಅಂಗಾಲು ಬಿರಿದಿದ್ದವು. ಹೆಂಗಸರು ಒಬ್ಬೊಬ್ಬರೇ ನಮಸ್ಕರಿಸಿ ಎದ್ದು ಹೋಗುವವರೆಗೆ ಕಾದೆ.

‘ವಂದಾಮಿ ಮಾತಾಜಿ.’

ಪಿಂಛಿ ಎತ್ತಿದಳು. ‘ಆರಾಮ ಅದೀರಿ? ಸ್ವಾಧ್ಯಾಯ ನಡದೈತೇನ್ರಿ?’

ಐವತ್ಮೂರು ವರ್ಷದ ನನ್ನನ್ನು ಅಕ್ಕ ‘ರಿ’ ಹಚ್ಚಿ ಮಾತಾಡಿಸಿದಳು. ನಡೆದಿದೆ ಎಂದೆ. ಮುಂದೆ ಅವಳು ಕೇಳುವಂಥದ್ದು ಇರಲಿಲ್ಲ, ಮತ್ತೆ ಪುಸ್ತಕಕ್ಕೆ ಕಣ್ಣು ಹಾಕಿದಳು. ಹೊರಗೆ ಯಾರದೋ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಹೋಗುತ್ತಿತ್ತು. ಆ ಸಪ್ಪಳವೂ ಪೂರ್ತಿ ಮುಗಿಯಿತು. ಇನ್ನು ಏಳಬೇಕು, ಎದ್ದರೆ ಇಷ್ಟೇ. ಕೈ ತಾನೇ ಹೋಗಿ ಸೆರಗಿನ ಗಂಟು ಬಿಚ್ಚಿತು.

ಮಣಿಯನ್ನು ಅಂಗೈಯಲ್ಲಿಟ್ಟು ಭೂತಗನ್ನಡಿ ಅದರ ಮೇಲೆ ಹಿಡಿದೆ. ಅವಳು ಮುಟ್ಟಲಿಲ್ಲ, ಬಗ್ಗಿದಳು. ಎರಡು ವರ್ಷದಲ್ಲಿ ಅವಳ ಮುಖ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

‘ಒಳಗ ಜೀವ ಐತಿ?’

‘ಇತ್ತು. ಕೋಟಿಗಟ್ಟಲೆ ವರ್ಷದ ಹಿಂದ ಹೋಗೇತ್ರಿ. ನಿಮ್ಮ ಜಪಮಾಲಿ ಮಣಿ ಇದು.’

‘ಇದರ ಮ್ಯಾಲ ನಾ ಮೂವತ್ತು ವರ್ಷ ಬೆರಳ ಆಡಿಸೀನಿ.’

‘ಹೌದ್ರಿ.’

‘ನನಗ ಕಾಣಲಿಲ್ಲ.’

‘ವಾರಕ್ಕೊಮ್ಮೆ ಒರಸಾಕಿ ನಾನು. ನನಗೂ ಕಾಣಲಿಲ್ರಿ.’

ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ಹಿಡಿ ಎಂದು ಕಣ್ಣಿನಲ್ಲೇ ಹೇಳಿದಳು. ‘ಮೈಗೆ ಏನ ಹತ್ತೇತಿ?’

‘ನುಸಿ. ಮೂರು ಅದಾವ.’

‘ತಿನ್ನಾಕ ಹತ್ತ್ಯಾವೋ, ಹೋಗಾಕ ಹತ್ತ್ಯಾವೋ?’

ಮೇ‌ಡಂ ಸ್ಟೂಲು ಎಳೆದುಕೊಂಡು ಅರ್ಧ ತಾಸು ಹೇಳಿದ್ದನ್ನು ಅಕ್ಕ ಒಂದೇ ಮಾತಿನಲ್ಲಿ ಕೇಳಿದ್ದಳು. ಗೊತ್ತಿಲ್ಲ, ಮಣಿ ತಿಕ್ಕಿದರೆ ತಿಳಿಯುತ್ತದಂತೆ ಎಂದೆ. ಬರೀ ಹೋಗುವ ಸಲುವಾಗಿ ಹತ್ತಿ ಕೂರುವವೂ ಇವೆ, ಜಾಗ ಬಂದಾಗ ತಾವೇ ಇಳಿಯುತ್ತವೆ ಎಂದೂ ಹೇಳಿದೆ. ಸಗಣಿ ಹುಳದ ಸುದ್ದಿ ಎತ್ತಬಾರದು ಎಂದು ನಾಲಗೆ ಬಿಗಿ ಹಿಡಿದಿದ್ದೆ. ಅಕ್ಕ ನೆಟ್ಟಗೆ ಕುಳಿತಳು. ಪಿಂಛಿಯ ಗರಿಗಳನ್ನು ಬೆರಳಿನಿಂದ ಸರಿ ಮಾಡಿದಳು.

‘ಹತ್ತೊಂಬತ್ತು’ ಎಂದಳು.

ನನಗೆ ತಿಳಿಯಲಿಲ್ಲ.

‘ಮಲ್ಲಿಗಿ ಬುಡಕ ಇಳಿಸಿದ್ವಲ್ಲ. ಮೊದಲನೇ ದಿನ ಹತ್ತೊಂಬತ್ತು ಇದ್ದು. ನೀ ಎಲಿ ಹಿಡದಿದ್ದಿ.’

‘ನೀ’ ಎಂದಿದ್ದಳು. ಎಣಿಸಿದ್ದು ನನಗೆ ನೆನಪೇ ಇರಲಿಲ್ಲ.

‘ಅವೂ ಹೋಗಾಕ ಕುಂತಿದ್ದುವೇನು?’

ಗೊತ್ತಿಲ್ಲ ಎನ್ನಬಹುದಿತ್ತು. ಎಂದಿದ್ದರೆ ಮರುದಿನದ ಕಲಶ ಉಳಿಯುತ್ತಿತ್ತು. ಅಷ್ಟು ವರ್ಷದ ಮೇಲೆ ನನ್ನ ಮುಖವನ್ನೇ ನೋಡಿ ಕೇಳುತ್ತಿದ್ದಾಳೆ, ಹೇಗೆ ಅನ್ನಲಿ?

‘ಹೌದಂತ ಅಕ್ಕ. ನಡುವ ಇಳಿಸಿದ್ರ ಒಣಗಿ ಸಾಯ್ತಾವಂತ.’

ಅಕ್ಕ ಎಂದು ಅಂದುಬಿಟ್ಟಿದ್ದೆ. ಅವಳು ತಿದ್ದಲಿಲ್ಲ. ‘ಮಣಿಯೊಳಗಿಂದು ನಾವು ಮಾಡಿದ್ದಲ್ಲ. ಅದು ಅಂಗೈಯಾಗ ಇದ್ದದ್ದು ನಮಗ ತಿಳಿದಿಲ್ಲ, ಅದಕ್ಕ ಗುರುಗಳ ಮುಂದ ಹೇಳಿಕೊಂಡು ಆಲೋಚನಾ ಮಾಡಿದ್ರ ಸಾಕು. ಸಗಣಿ ಹುಳದ್ದು ಹಂಗಲ್ಲ. ನಮ್ಮ ಕೈಲೆ ಆಗೇತಿ, ಪುಣ್ಯ ಅಂತ ತಿಳಕೊಂಡು ಮಾಡೀವಿ’ ಎಂದಳು. ಒಳಗೆ ಘಂಟೆಯಾಯಿತು, ಉಳಿದ ಮಾತಾಜಿಯವರು ಎದ್ದರು. ಅವಳೂ ನೆಲವನ್ನು ಪಿಂಛಿಯಿಂದ ಸವರಿ ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

‘ಆ ಮಣಿ ತಿಕ್ಕಸ್ರಿ. ಏನ ಕಾಣತೈತಿ ತಿಳಕೊಂಡು ನನಗ ಹೇಳ್ರಿ.’

ಮತ್ತೆ ‘ರಿ’ ಬಂದಿತ್ತು.

ಮರುದಿನ ಮುಂಜಾನೆ ಮಡಿಯಲ್ಲಿ ಅಡುಗೆ ಮಾಡಿದೆ. ಚಪಾತಿ, ಹೆಸರುಬೇಳೆ, ಕಾಸಿದ ಹಾಲು. ಹಿಟ್ಟನ್ನು ನಾಲ್ಕನೇ ಸಲ ಸಾಣಿಸುವುದನ್ನು ಆ ಮನೆಯ ಒಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

‘ಎವ್ವಾ, ಹಿಂಗ ಸಾಣಿಸಿದ್ರ ಹಿಟ್ಟು ಜರಡಿಯಾಗ ಸವದು ಹೋಗತೈತಿ. ಮಾತಾಜಿಯಾರು ನಿಮಗ ಅಕ್ಕ ಆಗಬೇಕಂತಲ್ರಿ? ಮೂಗು ಥೇಟ್ ಹಂಗ ಐತಿ ನೋಡ್ರಿ.’

‘ಆಗಿದ್ರು ರಿ’ ಎಂದೆ.

ಹೊತ್ತಾದಾಗ ಕಲಶ ಹಿಡಿದು ಬಾಗಿಲಿಗೆ ನಿಂತೆ. ಓಣಿಯುದ್ದಕ್ಕೂ ಹೆಂಗಸರು ಹಾಗೇ ನಿಂತಿದ್ದರು. ಮಾತಾಜಿಯವರು ಒಬ್ಬೊಬ್ಬರಾಗಿ ಬಸದಿಯಿಂದ ಇಳಿದು ಬಂದರು. ಒಬ್ಬರು ಎದುರು ಮನೆಯ ಮುಂದೆ ನಿಂತರು, ಇಬ್ಬರು ಮುಂದೆ ಹೋದರು. ಇನ್ನೊಬ್ಬರು ನನ್ನ ಮುಂದೆ ನಿಧಾನ ಮಾಡಿ, ಮತ್ತೆ ನಡೆದರು. ಅಕ್ಕ ಬರಲಿಲ್ಲ. ಬಸದಿಯ ಮೆಟ್ಟಿಲನ್ನೇ ನೋಡುತ್ತ ನಿಂತೆ. ನೆರಳು ಕಟ್ಟೆಯಿಂದ ಇಳಿದು ಓಣಿಗೆ ಬಂತು. ಒಡತಿ ಹೋಗಿ ಕೇಳಿಕೊಂಡು ಬಂದಳು.

‘ಅವರದು ಇವತ್ತ ಉಪವಾಸ ಅಂತ್ರಿ. ನಿನ್ನೆ ಸಂಜಿಕ ತಾವ ಹೋಗಿ ಗುರುಗಳ ಕಡೆ ಕೇಳಿ ತಗೊಂಡಾರಂತ. ಇಳಸ್ರಿ ಕಲಶ, ಕೈ ನೋಯ್ತಾವ.’

ಇಳಿಸಿದೆ. ಅಡುಗೆಯನ್ನು ಮನೆಯವರಿಗೂ ದೂರದಿಂದ ಬಂದವರಿಗೂ ಬಡಿಸಿದೆವು. ಚಪಾತಿ ಬಹಳ ಮೆತ್ತಗಾಗಿವೆ ಎಂದರು. ಒಡತಿ ನನಗೂ ತಾಟು ಹಾಕಿದಳು. ಕುಳಿತೆ, ಕೈ ಹೋಗಲಿಲ್ಲ.

‘ನನಗೂ ಇವತ್ತ ಬ್ಯಾಡ್ರಿ.’

‘ನಿಮಗ್ಯಾಕ್ರಿ? ಅವರಂದ್ರ ಮಾತಾಜಿ.’

‘ಎಲಿ ಹಿಡದಾಕಿ ನಾನು.’

ತಾಟು ಸರಿಸಿ ಎದ್ದೆ. ಬಸದಿಯ ಅಂಗಳದ ಬೇವಿನ ಕೆಳಗೆ, ಮಾತಾಜಿಯವರ ಕೋಣೆಯ ಬಾಗಿಲು ಕಾಣುವ ಕಡೆ ಹೋಗಿ ಕುಳಿತೆ. ಬಾಗಿಲು ಮುಂದಕ್ಕೆ ಮಾಡಿತ್ತು. ಒಮ್ಮೆ ಕೆಮ್ಮು ಕೇಳಿತು, ಅವಳದೇ. ಚಿಕ್ಕೋಡಿಯಲ್ಲಿದ್ದಾಗ ಅಷ್ಟಮಿ ಚತುರ್ದಶಿ ಎಂದು ಅವಳು ಉಪವಾಸ ಹಿಡಿಯುತ್ತಿದ್ದಳು. ನಾನು ಕೆಲಸದ ನೆವ ಹೇಳಿ ಉಂಡು ಹೋಗುತ್ತಿದ್ದೆ. ಇಬ್ಬರೂ ಒಂದೇ ದಿನ ಹಸಿದು ಇದ್ದದ್ದು ಮೊದಲ ಸಲವೇನೋ. ಸಂಜೆ ಕೊನೆಯ ಬಸ್ಸಿಗೆ ಎದ್ದಾಗ ಬಾಗಿಲು ಹಾಗೇ ಇತ್ತು.

ಮೇಡಂ ಮಣಿಯನ್ನು ಒಂದು ವಾರ ತಿಕ್ಕಿದಳು. ಮೊದಲು ನೀರು ಹಚ್ಚಿದ ನುಣ್ಣನೆಯ ಪಾಲಿಶ್ ಕಾಗದ, ಆಮೇಲೆ ಬಟ್ಟೆಗೆ ಹಲ್ಲುಪುಡಿ. ಪ್ರತಿದಿನ ಒಡೆಯುತ್ತದೆ ಎಂದು ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ‘ಮಾವಶಿ, ಬಾಣಂತನ ನಡದೈತೇನು ಒಳಗ? ಬರ್ರಿ’ ಎಂದು ನಗುತ್ತಿದ್ದಳು. ಒಡೆಯಲಿಲ್ಲ. ಸಪಾಟಾದ ಬದಿಯಿಂದ ನೋಡಿದಾಗ ದುಂಬಿಯ ಹೊಟ್ಟೆ ನೀರಿನ ಕೆಳಗಿನ ಕಲ್ಲಿನಷ್ಟು ನಿಚ್ಚಳವಿತ್ತು. ಎರಡು ನುಸಿ ಹಿಂಬದಿಯ ಬಟ್ಟಲುಗಳಿಂದ ಅದರ ಮೈಯನ್ನು ಹಿಡಿದಿದ್ದವು. ಹೀರುವವಲ್ಲ, ಸವಾರಿಯವೇ ಎಂದಳು ಮೇಡಂ. ಮೂರನೆಯದು ಕೂದಲೆಳೆಯಷ್ಟು ದೂರ, ಕಾಲು ಮಡಿಚಿಕೊಂಡು ಬೇರೆಯೇ ಇತ್ತು.

‘ಇದು?’

‘ಇದಕ್ಕ ಸಾಕ್ಷಿ ಇಲ್ಲ ಮಾವಶಿ. ಬಾಜೂಕ ಐತಿ ಅಷ್ಟ.’

‘ಅಂಟು ಬರೂ ಮುಂದ ಕೈ ಬಿಟ್ಟಿರಬಹುದಲ್ರಿ?’

‘ಬಿಟ್ಟಿರಬಹುದು. ಇಲ್ಲಾ, ಮೊದ್ಲಿಂದ ಹಿಡದ ಇರಲಿಕ್ಕಿಲ್ಲ. ಬರಿಯಾಕ ಬರೂದು ಎರಡ.’

ಅವಳು ಫೋಟೋ ತೆಗೆದುಕೊಂಡಳು. ಮಣಿಯನ್ನು ನಾನು ಮನೆಗೆ ತಂದು ಹೊಸ ದಾರದಲ್ಲಿ ಉಳಿದ ನೂರಾ ಏಳರ ಜೊತೆ ಪೋಣಿಸಿದೆ. ಮಾಲೆ ಮೊಳೆಯ ಮೇಲೆ ಮೊದಲಿನಂತೆ ಇದೆ. ಒರೆಸುವಾಗ ಆ ಒಂದು ಮಣಿ ಬೆರಳಿಗೆ ಬೇರೆಯಾಗಿ ತಾಗುತ್ತದೆ. ಆ ದಿನದ ಚೌಕದಲ್ಲಿ ಬರೆದೆ: ‘ಎರಡು ಹಿಡಿದಿವೆ. ಒಂದು ಗೊತ್ತಿಲ್ಲ.’

ಈಗ ಆಷಾಢ. ಸಂಘ ಗಡಿ ದಾಟಿ ಮಹಾರಾಷ್ಟ್ರದ ಒಂದು ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿದೆ. ಸಂಘದ ಜೊತೆಗಿರುವವರಿಗೆ ಫೋನ್ ಮಾಡಿ ಹೇಳಿಸ್ರಿ ಎಂದು ಮೇಡಂ ಅನ್ನುತ್ತಾಳೆ. ತಿಳಿದುಕೊಂಡು ಹೇಳ್ರಿ ಎಂದು ಅಕ್ಕ ಹೇಳಿದ್ದು ನನಗೆ. ಹೋಗಿಯೇ ಹೇಳುತ್ತೇನೆ. ಕಾಲೇಜಿಗೆ ರಜೆ ಬಿದ್ದ ಕೂಡಲೇ ಹೊರಡಬೇಕು. ಮಳೆಗಾಲದ ಹಿಟ್ಟಿಗೆ ಮೂರೇ ದಿನ, ಆದ್ದರಿಂದ ಈ ಸಲ ಗೋಧಿಯನ್ನು ಒಯ್ದು ಅಲ್ಲೇ ಬೀಸಿಕೊಳ್ಳುವುದು. ಎರಡರ ಸುದ್ದಿ ಹೇಳುವುದು ಸುಲಭ. ಮೂರನೆಯದು ಏನಂತ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಸಂಜೆ ಕೈ ತೊಳೆಯುವಾಗ ದಿನಾ ಅದಕ್ಕೊಂದು ಉತ್ತರ ಹೊಂದಿಸುತ್ತೇನೆ. ಇನ್ನೂ ಕೂಡಿ ಬಂದಿಲ್ಲ.